ಮೊದಲು ಚಾನೆಲ್, ಆಮೇಲೆ ಗರಗಸ

ಹಜಾರಕ್ಕೊಂದು ಸಾಗುವಾನಿಯ ಟಿ.ವಿ. ಯೂನಿಟ್ ಮಾಡಿಸಬೇಕೆಂದು ಹೊರಟವರು ಮರಕ್ಕಾಗಿ ವಾರಗಟ್ಟಲೆ ಅಲೆಯುತ್ತಾರೆ. ಬೆಂಗಳೂರಿನವರಾದರೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಲ್ಲಿ ಒಂದೊಂದು ಹಲಗೆಯನ್ನೂ ತಟ್ಟಿ, ತಿರುವಿ, ಚೌಕಾಸಿ ಮಾಡಿ ಆರಿಸುತ್ತಾರೆ. ಹಿಂಜು, ಡ್ರಾಯರ್ ಜಾರಿಸುವ ಚಾನೆಲ್ಲು, ಹಿಡಿ, ಸ್ಕ್ರೂಗಳ ಸರದಿ ಬರುವುದು ಕೆಲಸ ಮುಗಿಯುವ ಹೊತ್ತಿಗೆ. ಅದೂ ‘ಯಾವುದಾದರೂ ತಂದುಬಿಡಿ’ ಎಂಬ ಮಾತಿನೊಂದಿಗೆ. ಕಸುಬು ಬಲ್ಲ ಬಡಗಿ ಇದಕ್ಕೆ ಒಪ್ಪುವುದಿಲ್ಲ. ಚಾನೆಲ್ ಕೈಗೆ ಬರುವ ತನಕ ಅವನು ಡ್ರಾಯರಿನ ಹಲಗೆಗೆ ಗರಗಸ ಇಡುವುದಿಲ್ಲ.

ಕಾರಣ ಸರಳ. ಬಾಲ್ ಬೇರಿಂಗ್ ಇರುವ ಟೆಲಿಸ್ಕೋಪಿಕ್ ಚಾನೆಲ್‌ಗೆ ಡ್ರಾಯರಿನ ಎರಡೂ ಮಗ್ಗುಲಲ್ಲಿ ಅರ್ಧರ್ಧ ಇಂಚು, ಬಡಗಿಗಳ ಲೆಕ್ಕದಲ್ಲಿ ನಾಲ್ಕು ನಾಲ್ಕು ನೂಲು, ಜಾಗ ಬೇಕು. ಗೂಡಿನ ಒಳಅಗಲ 600 ಮಿ.ಮೀ. ಇದ್ದರೆ ಡ್ರಾಯರಿನ ಹೊರಅಗಲ 574 ಅಥವಾ 575. ಅಗಲ ಒಂದು ನೂಲು ಹೆಚ್ಚಾದರೂ ಡ್ರಾಯರ್ ಬಿಗಿದು ನಿಲ್ಲುತ್ತದೆ. ಕಡಿಮೆಯಾದರೆ ಚಾನೆಲ್ ಅಗಲಿಸಿಕೊಂಡು ಗುಂಡುಗಳ ಸಾಲು ತಪ್ಪುತ್ತದೆ. ಡ್ರಾಯರಿನ ಅಡಿಯಲ್ಲಿ ಅಡಗಿ ಕೂರುವ ಚಾನೆಲ್‌ಗೆ ಬೇರೆಯದೇ ಅಳತೆ. ಕೊನೆಯಲ್ಲಿ ಮನಸ್ಸು ಬದಲಾಯಿಸಿದರೆ ಡ್ರಾಯರನ್ನೇ ಹೊಸದಾಗಿ ಮಾಡಬೇಕಾಗುತ್ತದೆ.

ಹಿಂಜಿನ ಕಥೆಯೂ ಹೀಗೆಯೇ. ಬಾಗಿಲ ಹಿಂಬದಿಯಲ್ಲಿ 35 ಮಿ.ಮೀ. ವ್ಯಾಸದ ಗುಂಡನೆಯ ಕುಳಿ ಕೊರೆದು ಕೂರಿಸುವ, ಹೊರಗೆ ಕಾಣದ ಹಿಂಜು ಈಗ ಎಲ್ಲೆಡೆ ಬಳಕೆಯಲ್ಲಿದೆ. ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ, ‘ಜೀರೋನಾ, ಎಂಟಾ, ಹದಿನಾರಾ?’ ತೋಳಿನ ಬಾಗಿನ ಲೆಕ್ಕ ಅದು. ಬಾಗಿಲು ಪಕ್ಕದ ಹಲಗೆಯನ್ನು ಪೂರ್ತಿ ಮುಚ್ಚಿದರೆ ಜೀರೋ. ನಡುವಿನ ಒಂದೇ ಹಲಗೆಯನ್ನು ಎರಡು ಬಾಗಿಲುಗಳು ಹಂಚಿಕೊಂಡರೆ ಎಂಟು. ಚೌಕಟ್ಟಿನೊಳಗೇ ಬಾಗಿಲು ಕೂತರೆ ಹದಿನಾರು. ಕೂರಿಸಿದ ಮೇಲೂ ಸ್ಕ್ರೂಡ್ರೈವರ್ ತಿರುಗಿಸಿ ಬಾಗಿಲನ್ನು ಎಡ-ಬಲಕ್ಕೆ, ಒಳ-ಹೊರಗೆ ಒಂದೆರಡು ಮಿಲಿಮೀಟರ್ ಸರಿಸಬಹುದು. ಮಳೆಗಾಲದಲ್ಲಿ ಮರ ಉಬ್ಬುವ ಮಲೆನಾಡು, ಕರಾವಳಿಯ ಮನೆಗಳಿಗೆ ಇದು ದೊಡ್ಡ ಅನುಕೂಲ. ಇಂಥ ಹಿಂಜುಗಳನ್ನು ತಯಾರಿಸುವ, ಅಂಗಡಿಯವರ ಬಾಯಲ್ಲಿ ‘ಹೆಟಿಚ್’ ಆಗಿರುವ ಜರ್ಮನ್ ಕಂಪನಿಯ ಮೂಲ ಇರುವುದು 1888ರಲ್ಲಿ, ಗಡಿಯಾರದ ಬಿಡಿಭಾಗಗಳ ತಯಾರಿಕೆಯಲ್ಲಿ!

ಹಳೆಯ ಶೈಲಿಯ ಗಟ್ಟಿಮರದ ಬಾಗಿಲಿಗೆ ಹೊರಗೆ ಕಾಣುವ ಹಿತ್ತಾಳೆ ಹಿಂಜೇ ಚೆಂದ. ಹಿತ್ತಾಳೆ ಸ್ಕ್ರೂ ಮೆದು. ಸಾಗುವಾನಿಗೋ ಬೀಟೆಗೋ ನೇರವಾಗಿ ತಿರುಗಿಸಿದರೆ ತಲೆ ಕಳಚಿ ಕೈಗೆ ಬರುತ್ತದೆ. ಅನುಭವಿಗಳು ಮೊದಲು ತೂತು ಕೊರೆದು, ಅದೇ ಅಳತೆಯ ಉಕ್ಕಿನ ಸ್ಕ್ರೂ ಹಾಕಿ ತೆಗೆದು, ಆ ಜಾಡಿನಲ್ಲಿ ಸೋಪು ಸವರಿದ ಹಿತ್ತಾಳೆ ಸ್ಕ್ರೂ ಕೂರಿಸುತ್ತಾರೆ. ಹೊನ್ನೆ ಮರಕ್ಕಂತೂ ಬರಿಯ ಕಬ್ಬಿಣ ಬೇಡ. ಅದರಲ್ಲಿರುವ ಟ್ಯಾನಿನ್ ತೇವದಲ್ಲಿ ಕಬ್ಬಿಣದೊಂದಿಗೆ ಸೇರಿ ಕಪ್ಪು ಕಲೆ ಕಟ್ಟುತ್ತದೆ. ಹೊನ್ನೆಯ ಹೊಂಬಣ್ಣವೇ ಹಾಳು. ಜಿಪ್ಸಮ್ ಹಲಗೆಗೆಂದು ಮಾಡಿದ ಕಪ್ಪು ಸ್ಕ್ರೂ ಅಗ್ಗ ಎಂದು ಎಲ್ಲದಕ್ಕೂ ಬಳಸುವ ಚಾಳಿಯನ್ನೂ ಬಿಡಬೇಕು. ಅದು ಬಾಗುವುದಿಲ್ಲ, ಪಟಕ್ಕನೆ ಮುರಿಯುತ್ತದೆ. ಸಮುದ್ರಕ್ಕೆ ಹತ್ತಿರದ ಊರುಗಳಲ್ಲಿ ಸ್ಟೇನ್‌ಲೆಸ್ ಸ್ಟೀಲಿಗೆ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಇನ್ನು ಟಿ.ವಿ.ಯನ್ನೇ ಯೂನಿಟ್ಟಿನ ಹಿಂಬದಿಯ ಹಲಗೆಗೆ ತೂಗುಹಾಕುವುದಾದರೆ, ಟಿ.ವಿ. ಬೆನ್ನಿನ ತೂತುಗಳ ಅಂತರವನ್ನು ಮೊದಲೇ ಅಳೆದುಕೊಳ್ಳಬೇಕು. 200×200, 400×400 ಮಿ.ಮೀ. ಹೀಗೆ ಅದಕ್ಕೆ ವೆಸಾ ಎಂಬ ಮಾನಕವಿದೆ. ಬ್ರಾಕೆಟ್ ಸ್ಕ್ರೂಗಳಿಗೆ ತೆಳು ಪ್ಲೈವುಡ್ ಸಾಲದು, ಹಿಂದೆ ಗಟ್ಟಿ ಅಡ್ಡಪಟ್ಟಿ ಬೇಕೇ ಬೇಕು. ಸೆಟ್‌ಟಾಪ್ ಬಾಕ್ಸ್ ಇಡುವ ಗೂಡಿನ ಹಿಂದೆ 60 ಮಿ.ಮೀ.ನ ಕೇಬಲ್ ತೂತು, ಬಿಸಿಗಾಳಿ ಹೊರಹೋಗಲು ದಾರಿ ಇರಲಿ. ಮರದ ಬಾಗಿಲು ಮುಚ್ಚಿದರೆ ಸಾಮಾನ್ಯ ರಿಮೋಟಿನ ಕಿರಣ ಒಳಹೋಗದು. ಬೆತ್ತದ ಹೆಣಿಗೆಯ ಬಾಗಿಲು ಗಾಳಿಗೂ ರಿಮೋಟಿಗೂ ಒದಗುತ್ತದೆ, ನೋಡಲೂ ಸೊಗಸು.

ಹಿಡಿಗಳ ವಿಷಯದಲ್ಲಿ ಮಾತ್ರ ರುಚಿಗೆ ಸ್ವಾತಂತ್ರ್ಯ ಹೆಚ್ಚು. ಉದ್ದ ಹಿಡಿಗಳ ತೂತಿನ ಅಂತರ ಸಾಮಾನ್ಯವಾಗಿ 96, 128, 160 ಮಿ.ಮೀ., ಎಲ್ಲವೂ 32ರ ಗುಣಕಗಳು. ಅದೇ ಅಂತರದ್ದನ್ನು ಆರಿಸಿದರೆ ಮುಂದೆ ಹೊಸ ತೂತು ಕೊರೆಯದೆ ಬದಲಾಯಿಸಬಹುದು. ಚನ್ನಪಟ್ಟಣದ ಕುಶಲಕರ್ಮಿಗಳು ಹಾಲೆ ಮರ ಕಡೆದು, ಅರಗಿನ ಬಣ್ಣ ಹಚ್ಚಿ ಮಾಡುವ ಗುಂಡು ಹಿಡಿಗಳೂ ಸಿಗುತ್ತವೆ. ಸಾಗುವಾನಿಯ ಕಂದಿನ ಮೇಲೆ ಆ ಹಳದಿ, ಕೆಂಪು ಎದ್ದು ಕಾಣುತ್ತವೆ. ಹೊಳೆಯುವ ಕ್ರೋಮ್ ಹಿಡಿಗಿಂತ ಇವೇ ಮೇಲು.

ಕೊಳ್ಳುವಾಗ ಎರಡು ಹಿಂಜು, ಒಂದು ಜೊತೆ ಚಾನೆಲ್ ಹೆಚ್ಚಿಗೆ ತೆಗೆದುಕೊಳ್ಳಿ. ಮಾದರಿಗಳು ಅಂಗಡಿಯಿಂದ ಮಾಯವಾಗುತ್ತಿರುತ್ತವೆ. ಬಿಲ್ಲಿನ ಮೇಲಿರುವ ಮಾದರಿ ಸಂಖ್ಯೆಯನ್ನು ಡ್ರಾಯರಿನ ತಳಕ್ಕೆ ಅಂಟಿಸಿಟ್ಟರೆ ಮುಂದೆ ರಿಪೇರಿಗೆ ಬರುವ ಬಡಗಿಗೆ ಹುಡುಕಾಟ ತಪ್ಪುತ್ತದೆ.