ಬೈಲಹೊಂಗಲದ ಹತ್ತಿ, ನಮ್ಮ ಅಡಿಕೆಯ ಬೇಲಿ

2025ರ ದೀಪಾವಳಿ ಕಳೆದ ಮೇಲೆ ಬೀಗರ ಮನೆಯ ಕಾರ್ಯಕ್ಕೆಂದು ನಾವು ಬೈಲಹೊಂಗಲದ ಕಡೆಗೆ ಹೋಗಿದ್ದೆವು. ಧಾರವಾಡ ದಾಟಿ ಕಿತ್ತೂರಿಗೆ ಬಂದು ಬಲಕ್ಕೆ ಹೊರಳಿದರೆ ಎರೆಭೂಮಿ. ಮರದ ನೆರಳಿಗೆ ಒಗ್ಗಿದ ನಮ್ಮಂಥ ತೋಟಿಗರಿಗೆ ಆ ಬಯಲು ಮೊದಲು ಕಣ್ಣು ಕುಕ್ಕುತ್ತದೆ. ಹೊಲಗಳಲ್ಲಿ ಹತ್ತಿ ಬಿಡಿಸುವ ಕಾಲ. ಊಟವಾದ ಬಳಿಕ ಕಟ್ಟೆಯ ಮೇಲೆ ಕುಳಿತಾಗ ಬೀಗರು ಎಲೆಯಡಿಕೆಯ ತಟ್ಟೆ ಮುಂದಿಟ್ಟು, ಅಡಿಕೆಯನ್ನೇ ತೋರಿಸಿ ಕೇಳಿದರು: "ನಿಮ್ಮ ಅಡಕೀಗೆ ಸರಕಾರ ಬೇಲಿ ಹಾಕೇತಿ ಬೀಗರ. ನಮ್ಮ ಹತ್ತೀ ಬೇಲಿ ಬೆಳಿ ನಿಂತಾಗ ಕಿತ್ತರಲ್ರೀ, ಇದ್ಯಾವ ನ್ಯಾಯ?"

ಉತ್ತರ ನಮ್ಮಲ್ಲಿ ಸಿದ್ಧವಿರಲಿಲ್ಲ.

ಅವರು ಹೇಳಿದ್ದು ನಿಜ. ಹೊರದೇಶದ ಹತ್ತಿಗೆ 2021ರ ಬಜೆಟ್ಟಿನಿಂದ ಶೇಕಡಾ 11ರಷ್ಟು ಸುಂಕವಿತ್ತು. ಅದನ್ನು ನಂಬಿ ರೈತರು ಮುಂಗಾರಿಗೆ ಬೀಜ ಹಾಕಿದರು. 2025ರ ಆಗಸ್ಟ್ 19ರಂದು ಸುಂಕವನ್ನು ಸೆಪ್ಟೆಂಬರ್ ಕೊನೆಯವರೆಗೆ ತೆಗೆದರು. ಬಳಿಕ ಡಿಸೆಂಬರ್ 31ರವರೆಗೆ ಬೆಳೆಸಿದರು. ಅಂದರೆ ಹೊಸ ಹತ್ತಿ ಪೇಟೆಗೆ ಬರುವ ತಿಂಗಳುಗಳಿಗೇ ಬಾಗಿಲು ತೆರೆದಂತಾಯಿತು. ಗಿರಣಿಯವರ ಕಷ್ಟವೂ ಸುಳ್ಳಲ್ಲ: ಅದೇ ಆಗಸ್ಟ್ 27ರಿಂದ ಅಮೇರಿಕಾ ನಮ್ಮ ಬಟ್ಟೆಯ ಮೇಲೆ ಒಟ್ಟು ಶೇಕಡಾ 50ರ ಹೆಚ್ಚುವರಿ ಸುಂಕ ಹೇರಿತ್ತು, ಅವರಿಗೆ ಅಗ್ಗದ ಹತ್ತಿ ಬೇಕಿತ್ತು. ಆದರೆ ವಾಷಿಂಗ್ಟನ್ನಿನ ಪೆಟ್ಟು ಗಿರಣಿಯ ಮೇಲೆ ಬಿದ್ದು, ಅಲ್ಲಿಂದ ಜಾರಿ ಸವದತ್ತಿ, ರಾಮದುರ್ಗದ ಒಣಬೇಸಾಯಗಾರನ ಬೆನ್ನಿಗೆ ಬಂದು ನಿಂತಿತು. ಬೆಂಬಲ ಬೆಲೆ ಇದೆಯಲ್ಲ ಎನ್ನಬಹುದು. ಆ ಹಂಗಾಮಿಗೆ ಮಧ್ಯಮ ಎಳೆಯ ಹತ್ತಿಗೆ ಕ್ವಿಂಟಲಿಗೆ 7,710 ರೂಪಾಯಿ, ಉದ್ದ ಎಳೆಗೆ 8,110 ರೂಪಾಯಿ ಎಂದು ಸಾರಿದ್ದರು. ಆದರೆ ಕೈಸಾಲ ತೀರಿಸಬೇಕಾದವನು ಖರೀದಿ ಕೇಂದ್ರದ ಸರದಿಗೆ ಎಷ್ಟು ದಿನ ಕಾದಾನು?

ಈ ಸೀಮೆಗೆ ಇದು ಹೊಸ ಅನುಭವವೂ ಅಲ್ಲ. 1861ರಲ್ಲಿ ಅಮೇರಿಕಾದಲ್ಲಿ ಅಂತರ್ಯುದ್ಧ ಹತ್ತಿ, ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋಯಿತು. ಧಾರವಾಡ, ಬೆಳಗಾವಿ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಈ ಹತ್ತಿ ಗಾಡಿಗಳಲ್ಲಿ ಘಟ್ಟ ಇಳಿದು, ನಮ್ಮ ಅಡಿಕೆಯವರಿಗೆ ಚೆನ್ನಾಗಿ ಗೊತ್ತಿರುವ ಕುಮಟೆಯ ಬಂದರಿನಿಂದ ಹಡಗು ಹತ್ತುತ್ತಿತ್ತು. ಅದಕ್ಕೆ ಪೇಟೆಯಲ್ಲಿ 'ಕುಮಟಾ ಹತ್ತಿ' ಎಂದೇ ಹೆಸರು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆಯೂ ಕುಸಿಯಿತು. ಏರಿದ್ದೂ ಇಳಿದದ್ದೂ ಬೆಳೆಗಾರನ ತಪ್ಪಿನಿಂದಲ್ಲ.

ಈಗ ನಿಯಮಗಳಿವೆಯಲ್ಲ ಎಂದು ಕೇಳಬಹುದು. ಅಮೇರಿಕಾ ತನ್ನ ಹತ್ತಿ ಬೆಳೆಗಾರರಿಗೆ ಕೊಡುವ ಸಹಾಯಧನದ ವಿರುದ್ಧ 2002ರಲ್ಲಿ ಬ್ರೆಜಿಲ್ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದೂರು ಕೊಟ್ಟಿತು. 2005ರಲ್ಲಿ ಮೇಲ್ಮನವಿಯಲ್ಲೂ ಗೆದ್ದಿತು. ಸಹಾಯಧನ ನಿಂತಿತೇ? ಇಲ್ಲ. 2010ರಿಂದ ಅಮೇರಿಕಾ ವರ್ಷಕ್ಕೆ 14.73 ಕೋಟಿ ಡಾಲರಿನ ಲೆಕ್ಕದಲ್ಲಿ ಬ್ರೆಜಿಲಿಗೆ ಹಣ ಕೊಡಲೊಪ್ಪಿತು, 2014ರಲ್ಲಿ 30 ಕೋಟಿ ಡಾಲರ್ ಕೊಟ್ಟು ವ್ಯಾಜ್ಯ ಮುಗಿಸಿತು. ದಾವೆ ಹೂಡುವ ತಾಕತ್ತಿದ್ದವನಿಗೆ ದುಡ್ಡು ಸಿಕ್ಕಿತು. 2003ರಲ್ಲಿ ಇದೇ ಗೋಳನ್ನು ಮುಂದಿಟ್ಟ ಬೆನಿನ್, ಬುರ್ಕಿನಾ ಫಾಸೊ, ಚಾಡ್, ಮಾಲಿ ದೇಶಗಳಿಗೆ ಆ ಹಣದ ಪಾಲಿಲ್ಲ, ಬೈಲಹೊಂಗಲಕ್ಕಂತೂ ಇಲ್ಲವೇ ಇಲ್ಲ. ಆ ಮೇಲ್ಮನವಿ ಪೀಠವೂ ಹೊಸ ನ್ಯಾಯಾಧೀಶರ ನೇಮಕಕ್ಕೆ ಅಮೇರಿಕಾ ಒಪ್ಪದೆ 2019ರ ಡಿಸೆಂಬರಿನಲ್ಲಿ ಕೆಲಸ ನಿಲ್ಲಿಸಿತು.

ಕಾಫಿಯವರು ಇದನ್ನು ಓದಿ ನಿಟ್ಟುಸಿರು ಬಿಡುತ್ತಾರೆಂದು ಬಲ್ಲೆವು. 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ 1989ರ ಜುಲೈಯಲ್ಲಿ ಮುರಿದುಬಿದ್ದಾಗ ಜಗತ್ತಿನ ಬೆಲೆ ತಿಂಗಳುಗಳಲ್ಲೇ ಅರ್ಧಕ್ಕಿಳಿದದ್ದು ಹಿರಿಯ ಸದಸ್ಯರಿಗೆ ನೆನಪಿದೆ. ಕಾಫಿ ಮಂಡಳಿಯ ಪೂಲಿನ ಕಂತುಗಳು ತಡವಾಗುತ್ತವೆಂದು ಆಗ ಬೈದವರಲ್ಲಿ ನಾವೂ ಒಬ್ಬರು. ಆದರೂ ಆ ಹೊಡೆತವನ್ನು ಒಬ್ಬೊಬ್ಬರೇ ತಿನ್ನದಂತೆ ಹಂಚಿದ್ದು ಅದೇ ಪೂಲು.

ಇನ್ನು ಬೀಗರು ಹೇಳಿದ ನಮ್ಮ ಬೇಲಿ. ಅಡಿಕೆಗೆ ಶೇಕಡಾ 100 ಆಮದು ಸುಂಕ. ಅದರ ಮೇಲೆ 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದರು. ಇದು ದಿಲ್ಲಿಯ ಒಂದು ಅಧಿಸೂಚನೆಯಿಂದ ಬಂದದ್ದು, ಇನ್ನೊಂದರಿಂದ ಹೋಗಬಹುದು. 2022ರಲ್ಲಿ ಭೂತಾನದಿಂದ 17,000 ಟನ್ ಹಸಿ ಅಡಿಕೆಗೆ ಈ ಬೆಲೆಯ ಕಟ್ಟಿಲ್ಲದೆ ದಾರಿ ಬಿಟ್ಟದ್ದನ್ನು ಕಂಡೆವಲ್ಲ! ಅಡಿಕೆಗೆ ಬೇಲಿ ಕೇಳುವ ನಾವೇ ಕಾಫಿಗೆ ಹೊರದೇಶದವರು ಬಾಗಿಲು ತೆರೆಯಲಿ ಎನ್ನುತ್ತೇವೆ. ಈ ಇಬ್ಬಂದಿತನವನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಬೇಲಿ ಶಾಶ್ವತವಾಗಿರಲೆಂದು ನಾವು ಕೇಳಲಾರೆವು. ಬಿತ್ತುವಾಗ ಇದ್ದ ನಿಯಮ ಕೊಯ್ಲು ಮುಗಿಯುವವರೆಗೆ ಇರಲಿ ಎಂದು ಹತ್ತಿಯವರೂ ನಾವೂ ಒಟ್ಟಿಗೆ ಕೇಳಬಹುದು. ಈ ಅರ್ಥದ ಗೊತ್ತುವಳಿಯನ್ನು ಮಹಾಸಭೆಯ ಮುಂದಿಡಲಿದ್ದೇವೆ. ಬೀಗರಿಗೂ ಅದರ ಪ್ರತಿ ಕಳಿಸುವುದಾಗಿ ಮಾತು ಕೊಟ್ಟು ಬಂದಿದ್ದೇವೆ.

ಕಾಫಿ ಸದಸ್ಯರಿಗೆ ಇನ್ನೊಂದು ಮಾತು. ಐರೋಪ್ಯ ಒಕ್ಕೂಟದ 2023ರ ಕಾನೂನಿನಂತೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿ ಮಾರುವಂತಿಲ್ಲ. ಜಾರಿಯ ದಿನವನ್ನು ಎರಡು ಸಲ ಮುಂದೂಡಿದ್ದಾರೆಂದು ಸುಮ್ಮನೆ ಕೂರಬೇಡಿ. ನಾಲ್ಕು ಹೆಕ್ಟೇರಿಗಿಂತ ಕಡಿಮೆಯ ತೋಟಕ್ಕೆ ನಕಾಶೆಯಲ್ಲಿ ಒಂದು ಗುರುತು ಸಾಕು. ಅದಕ್ಕಿಂತ ದೊಡ್ಡದಾದರೆ ಸುತ್ತಲಿನ ಗಡಿಯೂ ಬೇಕು. ಮಹಾಸಭೆಗೆ ಬರುವಾಗ ಪಹಣಿಯ ಪ್ರತಿ ತನ್ನಿರಿ, ಕಚೇರಿಯಲ್ಲೇ ಗುರುತು ಹಾಕಿಸೋಣ.