ಸ್ಟೆಂಟ್ ಹಾಕಿಸಿದ ಮೇಲೆ ಜ್ವರ ಬಂದರೆ...

ಕಟ್ಟಿಕೊಂಡ ಹೃದಯದ ರಕ್ತನಾಳವನ್ನು ತೆರೆದಿಡುವ ಪುಟ್ಟ ಲೋಹದ ಜಾಲರಿಯೇ ಸ್ಟೆಂಟ್. 1986ರಲ್ಲಿ ಮೊದಲ ಬಾರಿಗೆ ಮನುಷ್ಯರಿಗೆ ಅಳವಡಿಸಿದ ಈ ಸಾಧನವನ್ನು ಇಂದು ಹೊಸಪೇಟೆ, ಸಂಡೂರು, ಕಂಪ್ಲಿಯ ಹಿರಿಯರೂ ದೂರದೂರಿನ ಆಸ್ಪತ್ರೆಗಳಲ್ಲಿ ಹಾಕಿಸಿಕೊಂಡು ಬರುತ್ತಾರೆ.

ಸ್ಟೆಂಟಿಗೇ ಸೋಂಕು ತಗಲುವುದು ತೀರಾ ಅಪರೂಪ. ಸಾವಿರದಲ್ಲಿ ಒಬ್ಬರಿಗೂ ಇಲ್ಲ. ತಗಲಿದರೆ ಮಾತ್ರ ಪ್ರಾಣಕ್ಕೇ ಸಂಚಕಾರ. ಚರ್ಮದ ಮೇಲಿರುವ ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ, ನಳಿಕೆ ತೂರಿಸಿದ ಜಾಗದಿಂದ ರಕ್ತಕ್ಕೆ ಸೇರಿ ಜಾಲರಿಗೆ ಅಂಟಿಕೊಳ್ಳಬಹುದು. ಆಗ ರಕ್ತನಾಳದ ಗೋಡೆ ಉಬ್ಬಿ ಒಡೆಯುವ ಭಯವುಂಟು. ಹೆಚ್ಚಾಗಿ ಮೊದಲ ಕೆಲವು ವಾರಗಳಲ್ಲೇ ಜ್ವರ, ನಡುಕ, ಎದೆನೋವು ಕಾಣಿಸುತ್ತವೆ.

ಅಂಗಡಿಯ ಮಾತ್ರೆಯಿಂದ ಜ್ವರ ಇಳಿದೀತು, ಸೋಂಕು ಉಳಿದೀತು. ಆ್ಯಂಟಿಬಯಾಟಿಕ್‌ಗೆ ಮೊದಲೇ ರಕ್ತದ ಕಲ್ಚರ್ ಪರೀಕ್ಷೆ ಆಗಬೇಕು. ಆದ್ದರಿಂದ ಸ್ಟೆಂಟ್ ಹಾಕಿಸಿದ ದಿನಾಂಕ ಮನೆಯ ಮಕ್ಕಳಿಗೂ ಗೊತ್ತಿರಲಿ. ವೈದ್ಯರಿಗೆ ಮೊದಲು ಹೇಳಬೇಕಾದ ಮಾತು ಅದೇ.