ಹಗುರ ಟ್ರೈಪಾಡ್ ಕೊಳ್ಳುವಾಗ ಎತ್ತರದ ಆಸೆ ಬಿಡಿ

ಮಳಖೇಡದ ಕೋಟೆ, ಕಾಗಿಣಾ ನದಿಯ ದಂಡೆ, ಚಿತ್ತಾಪುರದ ಪಕ್ಕದ ನಾಗಾವಿ, ಭೀಮಾ ತೀರದ ಸನ್ನತಿ, ಮಳೆಗಾಲ ಬಂದರೆ ಚಿಂಚೋಳಿ ಕಾಡಿನ ಎತ್ತಿಪೋತ ಜಲಪಾತ. ನಮ್ಮ ಆದಿತ್ಯನಗರದಲ್ಲಿ ಕ್ಯಾಮೆರಾ ಇಟ್ಟುಕೊಂಡವರಿಗೆ ಭಾನುವಾರ ಎಲ್ಲಿಗೆ ಹೋಗುವುದು ಎಂಬ ಚಿಂತೆ ಇಲ್ಲ. ಚಿಂತೆ ಬೆಳಕಿನದು. ನಾಗಾವಿಯ ಅರವತ್ತು ಕಂಬದ ಗುಡಿಯೊಳಗೆ ಹೊಕ್ಕರೆ ಹಗಲಿನಲ್ಲೂ ನೆರಳು ದಟ್ಟವಾಗಿರುತ್ತದೆ. ಅಲ್ಲಿ ಐಎಸ್ಒ, ಅಂದರೆ ಬೆಳಕಿಗೆ ಸ್ಪಂದಿಸುವ ಮಟ್ಟವನ್ನು 100ಕ್ಕೆ ಇಟ್ಟು, ಬೆಳಕು ಒಳಬರುವ ಕಿಂಡಿಯಾದ ಅಪರ್ಚರ್ ಅನ್ನು ಎಫ್/8ಕ್ಕೆ ಕಿರಿದು ಮಾಡಿದರೆ ಶಟರ್ ಒಂದೆರಡು ಸೆಕೆಂಡ್ ತೆರೆದೇ ಇರಬೇಕಾಗಬಹುದು. ಅಷ್ಟು ಹೊತ್ತು ಕ್ಯಾಮೆರಾವನ್ನು ಅಲುಗಿಸದೆ ಹಿಡಿಯುವುದು ಯಾರ ಕೈಯಿಂದಲೂ ಆಗದ ಕೆಲಸ. ಎತ್ತಿಪೋತದ ನೀರು ಹಾಲಿನ ಹಾಗೆ ಇಳಿಯಬೇಕೆಂದರೂ, ರಾತ್ರಿ ಸಿಮೆಂಟ್ ಕಾರ್ಖಾನೆಯ ದೀಪಗಳ ಸಾಲು ಚೊಕ್ಕಟವಾಗಿ ಬರಬೇಕೆಂದರೂ ಟ್ರೈಪಾಡ್ ಬೇಕೇ ಬೇಕು.

ಟ್ರೈಪಾಡ್ ಅಂದರೆ ಮೂರು ಕಾಲಿನ ಸ್ಟ್ಯಾಂಡ್, ಅಷ್ಟೇ. ಪ್ರವಾಸಕ್ಕೆಂದೇ ಮಾಡಿದ ಟ್ರಾವೆಲ್ ಟ್ರೈಪಾಡ್‌ಗೆ ಎರಡು ಗುಣ ಹೆಚ್ಚು. ತೂಕ ಒಂದರಿಂದ ಒಂದೂವರೆ ಕೆಜಿಯೊಳಗೆ ಇರುತ್ತದೆ. ಮಡಚಿದರೆ 40ರಿಂದ 45 ಸೆಂ.ಮೀ.ಗೆ ಇಳಿದು ಬೆನ್ನಿನ ಬ್ಯಾಗಿನಲ್ಲಿ ಹಿಡಿಸುತ್ತದೆ. ಬಹಳಷ್ಟು ಮಾದರಿಗಳಲ್ಲಿ ಕಾಲುಗಳು ಹಿಮ್ಮುಖವಾಗಿ ಮೇಲಕ್ಕೆ ಮಡಚಿಕೊಂಡು ತಲೆಭಾಗವನ್ನು ಸುತ್ತುವರಿಯುತ್ತವೆ. ಮಡಚಿದ ಉದ್ದ ಕಡಿಮೆಯಾಗುವುದು ಹಾಗೆ.

ಹಗುರವಾದದ್ದು ಗಟ್ಟಿ ಇರುತ್ತದೆಯೇ? ಇರುತ್ತದೆ, ಆದರೆ ಎತ್ತರದಲ್ಲಿ ಸ್ವಲ್ಪ ಬಿಟ್ಟುಕೊಡಬೇಕು. ಯಾಕೆ ಅಂತ ಕಾಲುಗಳನ್ನೇ ನೋಡಿದರೆ ತಿಳಿಯುತ್ತದೆ. ಒಂದು ಕೊಳವೆಯೊಳಗೆ ಇನ್ನೊಂದು ಕೂತಿರುತ್ತದೆ. ಮೇಲಿನ ಕೊಳವೆ 25 ಮಿ.ಮೀ. ದಪ್ಪ ಇದ್ದರೆ ಅದರ ಕೆಳಗಿನದು 22, ಆಮೇಲೆ 19, ನಾಲ್ಕನೆಯದು 16ರ ಆಸುಪಾಸು. ಐದು ತುಂಡಿನ ಕಾಲಾದರೆ ಕೊನೆಯದು ಇನ್ನೂ ತೆಳು. ಅಲುಗಾಟ ಶುರುವಾಗುವುದು ಅಲ್ಲಿಂದ. ಆದ್ದರಿಂದ ನಾಲ್ಕು ತುಂಡಿನ ಕಾಲು ಇರುವುದನ್ನೇ ಕೊಳ್ಳಿ. ಮಡಚಿದ ಉದ್ದ ಮೂರ್ನಾಲ್ಕು ಸೆಂ.ಮೀ. ಜಾಸ್ತಿಯಾದರೂ ಪರವಾಗಿಲ್ಲ.

ಇನ್ನೊಂದು ಮೋಸದ ಜಾಗ ನಡುಗಂಬ. ಸೆಂಟರ್ ಕಾಲಮ್ ಎನ್ನುವ ಈ ಕೊಳವೆಯನ್ನು ಮೇಲಕ್ಕೆ ಎಳೆದರೆ ಎತ್ತರ ಸಿಗುತ್ತದೆ, ಆದರೆ ಕ್ಯಾಮೆರಾ ಮೂರು ಕಾಲಿನ ಮೇಲಲ್ಲ, ಒಂಟಿ ಕೋಲಿನ ಮೇಲೆ ನಿಂತ ಹಾಗಾಗುತ್ತದೆ. ಡಬ್ಬಿಯ ಮೇಲೆ ‘ಗರಿಷ್ಠ ಎತ್ತರ 150 ಸೆಂ.ಮೀ.’ ಎಂದು ಅಚ್ಚು ಹಾಕಿದ್ದರೆ ಅದು ಸಾಮಾನ್ಯವಾಗಿ ಈ ಕಂಬವನ್ನೂ ಪೂರ್ತಿ ಎಳೆದ ಲೆಕ್ಕ. ನೀವು ಕೇಳಬೇಕಾದದ್ದು ಕಂಬ ಎಳೆಯದೆ ಎಷ್ಟು ಎತ್ತರ ಬರುತ್ತದೆ ಎಂಬುದನ್ನು. ಐದೂವರೆ ಅಡಿ ಎತ್ತರದವರ ಕಣ್ಣು ನೆಲದಿಂದ ಸುಮಾರು 155 ಸೆಂ.ಮೀ. ಮೇಲಿರುತ್ತದೆ. ಟ್ರೈಪಾಡ್‌ನ ತಲೆಭಾಗ ಮತ್ತು ಕ್ಯಾಮೆರಾ ಸೇರಿ 18ರಿಂದ 20 ಸೆಂ.ಮೀ. ತುಂಬಿಕೊಡುತ್ತವೆ. ಹಾಗಾಗಿ ಕಾಲುಗಳಷ್ಟೇ 120ರಿಂದ 125 ಸೆಂ.ಮೀ. ಬಂದರೆ ತುಸು ಬಗ್ಗಿ ನೋಡಿದರಾಯಿತು. ತೆರೆ ತಿರುಗಿಸಬಹುದಾದ ಕ್ಯಾಮೆರಾ ಇದ್ದರೆ ಬಗ್ಗುವುದೂ ಬೇಡ.

ನಮ್ಮ ಕಡೆಯ ನೋಟಗಳಿಗೆ ಎತ್ತರದ ಹಂಗು ಕಡಿಮೆ. ಕೋಟೆಯ ಗೋಡೆಯನ್ನು ಕೆಳಗಿನಿಂದ ನೋಡಿದರೇ ಚೆಂದ. ಶಹಾಬಾದಿನ ಫರಸಿ ಗಣಿಗಳಲ್ಲಿ ಪದರ ಪದರವಾಗಿ ಎದ್ದ ಕಲ್ಲಿಗೆ ಮೊಣಕಾಲೆತ್ತರ ಸಾಕು. ಎತ್ತರ ಬೇಕಾಗುವುದು ಜಾತ್ರೆಯ ಗದ್ದಲದಲ್ಲಿ. ಅಲ್ಲಿ ಟ್ರೈಪಾಡ್ ಹೂಡಲು ಜನ ಜಾಗ ಬಿಟ್ಟರೆ ತಾನೇ!

ಈಗ ಕಾಲು ಯಾವುದರದ್ದು ಎಂಬ ಮಾತು. ಕಾಲುಗಳು ಅಲ್ಯೂಮಿನಿಯಂನವು ಇಲ್ಲವೇ ಕಾರ್ಬನ್ ಫೈಬರ್‌ನವು. ಕಾರ್ಬನ್ ಫೈಬರ್ ಎಂದರೆ ಇಂಗಾಲದ ನಾರನ್ನು ಅಂಟಿನಲ್ಲಿ ನೇಯ್ದು ಗಟ್ಟಿ ಮಾಡಿದ ವಸ್ತು. ಗಿಟ್ಜೊ ಕಂಪನಿ 1994ರಲ್ಲಿ ಇದನ್ನು ಟ್ರೈಪಾಡಿಗೆ ತಂದಿತು. ಇದು ಹಗುರ, ನಡುಕ ಬೇಗ ಅಡಗುತ್ತದೆ, ತುಕ್ಕಿಲ್ಲ, ಏಪ್ರಿಲ್‌ನ ಬಿಸಿಲಿನಲ್ಲಿ ಅಲ್ಯೂಮಿನಿಯಂನಷ್ಟು ಕೈ ಸುಡುವುದಿಲ್ಲ. ಆದರೆ ಒಂದೇ ಮಾದರಿಯಲ್ಲಿ ಎರಡೂ ಬಂದರೆ ತೂಕದ ಅಂತರ ಎಷ್ಟು ಗೊತ್ತೇ? ಮ್ಯಾನ್‌ಫ್ರೊಟ್ಟೊ ಬಿಫ್ರೀ ಅಡ್ವಾನ್ಸ್ಡ್‌ನ ಅಲ್ಯೂಮಿನಿಯಂ ಮಾದರಿ ಸುಮಾರು 1.5 ಕೆಜಿ, ಕಾರ್ಬನ್ ಮಾದರಿ ಸುಮಾರು 1.25 ಕೆಜಿ. ಕಾಲು ಕೆಜಿ ಉಳಿಸಲು ದುಡ್ಡು ಒಂದೂವರೆ ಪಟ್ಟು ದಾಟಬಹುದು. ಗುಡ್ಡ ಹತ್ತಿ ಇಳಿಯುವವರಿಗೆ ಅದು ಸರಿ. ಬೈಕಿನಲ್ಲಿ ಮಳಖೇಡಕ್ಕೋ ಸನ್ನತಿಗೋ ಹೋಗಿ ಬರುವವರಿಗೆ ಅಲ್ಯೂಮಿನಿಯಂ ಧಾರಾಳ ಸಾಕು.

ಕಾಲು ಬಿಗಿಯುವ ಬೀಗದಲ್ಲಿ ಎರಡು ಜಾತಿ. ತಿರುಗಿಸಿ ಬಿಗಿಯುವುದು ಟ್ವಿಸ್ಟ್ ಲಾಕ್. ಪಟ್ಟಿಯನ್ನು ಟಕ್ಕೆಂದು ಮುಚ್ಚುವುದು ಲಿವರ್ ಲಾಕ್. ಟ್ವಿಸ್ಟ್ ಲಾಕ್ ನಯವಾಗಿರುತ್ತದೆ, ಬ್ಯಾಗಿಗೆ ಸಿಕ್ಕಿಕೊಳ್ಳುವುದಿಲ್ಲ, ಪೇಟೆಯ ಛಾಯಾಗ್ರಾಹಕರು ಅದನ್ನೇ ಮೆಚ್ಚುತ್ತಾರೆ. ನನ್ನ ಮತ ಲಿವರ್ ಲಾಕ್‌ಗೆ. ಸುಣ್ಣಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆ, ಫರಸಿ ಕೊಯ್ಯುವ ಯಂತ್ರ, ಇವುಗಳ ನಡುವೆ ಇರುವ ನಮಗೆ ದೂಳು ತಪ್ಪಿದ್ದಲ್ಲ. ಸಣ್ಣ ದೂಳು ಟ್ವಿಸ್ಟ್ ಲಾಕಿನ ಸುರುಳಿಗೆ ಸೇರಿದರೆ ತಿರುಗಿಸುವಾಗ ಕರಕರ ಎನ್ನುತ್ತದೆ, ಕ್ರಮೇಣ ಹಿಡಿತ ಬಿಡುತ್ತದೆ. ಲಿವರ್ ಸಡಿಲಾದರೆ ಡಬ್ಬಿಯಲ್ಲೇ ಬರುವ ಅಲೆನ್ ಕೀಲಿಯಿಂದ ನಿಂತಲ್ಲೇ ಬಿಗಿಯಬಹುದು.

ಎರೆ ಭೂಮಿಯ ವಿಷಯ ಬೇರೆ. ಮಳೆ ಬಿದ್ದ ತೊಗರಿ ಹೊಲದಲ್ಲಿ ಕಾಲಿಟ್ಟರೆ ಚಪ್ಪಲಿಯೇ ಮೇಲೇಳುವುದಿಲ್ಲ, ಇನ್ನು ಟ್ರೈಪಾಡ್? ಕೆಸರಿನಲ್ಲಿ ಅಥವಾ ಕಾಗಿಣಾದ ನೀರಿನಲ್ಲಿ ನಿಲ್ಲಿಸುವಾಗ ಮಾತ್ರ ತೀರಾ ಕೆಳಗಿನ ತೆಳು ತುಂಡನ್ನು ಒಂದು ಗೇಣು ಎಳೆದುಕೊಳ್ಳಿ, ಬೀಗ ಕೆಸರಿಗೆ ತಾಗದಂತೆ ಮೇಲೆ ಉಳಿಯುತ್ತದೆ. ಒಣ ನೆಲದಲ್ಲಿ ಇದಕ್ಕೆ ತದ್ವಿರುದ್ಧ, ದಪ್ಪ ತುಂಡುಗಳನ್ನು ಮೊದಲು ಎಳೆಯಬೇಕು. ಮನೆಗೆ ಬಂದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಕಾಲುಗಳನ್ನು ಬಿಚ್ಚಿಟ್ಟೇ ಒಣಗಿಸಿ. ಕೊಬ್ಬರಿ ಎಣ್ಣೆ ಸವರಬೇಡಿ, ದೂಳು ಇನ್ನಷ್ಟು ಅಂಟುತ್ತದೆ. ಪಾದಕ್ಕೆ ರಬ್ಬರ್ ಇರುವುದೇ ಒಳ್ಳೆಯದು. ಚೂಪು ಮೊಳೆಯ ಪಾದವನ್ನು ಗುಡಿಯ ಹಳೆಯ ಹಾಸುಗಲ್ಲಿನ ಮೇಲೆ ಊರಿ ಗೀರು ಮಾಡುವುದು ಬೇಡ.

ಕ್ಯಾಮೆರಾ ಕೂರುವ ತಲೆಭಾಗಕ್ಕೆ ಹೆಡ್ ಎನ್ನುತ್ತಾರೆ. ಪ್ರವಾಸಕ್ಕೆ ಬಾಲ್ ಹೆಡ್ ಸರಿ: ಒಂದು ಗುಂಡು, ಒಂದು ತಿರುಪು, ಯಾವ ಕೋನಕ್ಕೆ ಬೇಕಾದರೂ ತಿರುಗಿಸಿ ಬಿಗಿಯಬಹುದು. ಕ್ಯಾಮೆರಾದ ತಳಕ್ಕೆ ಹಾಕುವ ಬಿಲ್ಲೆ ‘ಆರ್ಕಾ ಸ್ವಿಸ್’ ನಮೂನೆಯದಿರಲಿ. ಅದು ಹೆಚ್ಚಿನ ಕಂಪನಿಗಳು ಒಪ್ಪಿಕೊಂಡ ಅಳತೆ, ಕಳೆದರೆ ಬೇರೆ ಕಂಪನಿಯದೂ ನಡೆಯುತ್ತದೆ. ಬಿಲ್ಲೆಯ ತಿರುಪು ಕಾಲಂಗುಲದ್ದು, ಬಹುತೇಕ ಎಲ್ಲ ಕ್ಯಾಮೆರಾಗಳಿಗೂ ಅದೇ. ಮೊಬೈಲ್‌ನಿಂದ ತೆಗೆಯುವವರು ಇದೇ ತಿರುಪಿಗೆ ಹಿಡಿಸುವ ಮೊಬೈಲ್ ಹೋಲ್ಡರ್ ಕೊಂಡರಾಯಿತು.

ಅಂಗಡಿಯವರು ‘ಹತ್ತು ಕೆಜಿ ತಡೀತದ್ರೀ ಸರ’ ಅಂದರೆ ಹೂಂ ಅನ್ನಿ, ನಂಬಿಬಿಡಬೇಡಿ. ಭಾರ ಹೊರುವ ಈ ಲೆಕ್ಕಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ಒಂದೇ ಅಳತೆಗೋಲಿಲ್ಲ. ನಿಮ್ಮ ಕ್ಯಾಮೆರಾ ಮತ್ತು ಲೆನ್ಸ್‌ನ ತೂಕಕ್ಕೆ ಮೂರು ಪಟ್ಟಾದರೂ ಬರೆದಿರಲಿ, ಸಾಕು. ಅಂಗಡಿಗೆ ನಿಮ್ಮ ಕ್ಯಾಮೆರಾ ಒಯ್ಯಿರಿ. ಕಾಲುಗಳನ್ನು ಪೂರ್ತಿ ಎಳೆದು, ನಡುಗಂಬ ಇಳಿಸಿ, ತಲೆಯನ್ನು ಅಂಗೈಯಿಂದ ಒತ್ತಿ ನೋಡಿ. ಕಾಲು ಒಳಜಾರಿದರೆ ಅಲ್ಲಿಗೇ ಬಿಟ್ಟುಬಿಡಿ. ಮುಂದೆ ಕ್ಯಾಮೆರಾ ಕೂರಿಸಿ, ಲೆನ್ಸ್ ಪೂರ್ತಿ ಝೂಮ್ ಮಾಡಿ, ತೆರೆಯ ಮೇಲೆ ದೂರದ ಒಂದು ಅಕ್ಷರವನ್ನು ಹಿಗ್ಗಿಸಿ. ಒಂದು ಕಾಲಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿ. ಅಕ್ಷರ ನಡುಗುತ್ತದೆ. ಒಂದೆರಡು ಸೆಕೆಂಡಿನಲ್ಲಿ ನಿಂತರೆ ಒಳ್ಳೆಯ ಮಾಲು. ಬಾಲ್ ಹೆಡ್ ಬಿಗಿದ ಮೇಲೆ ಆ ಅಕ್ಷರ ತೆರೆಯಲ್ಲಿ ಮೆಲ್ಲಗೆ ಮೇಲಕ್ಕೆ ಸರಿದರೆ ಹೆಡ್ ಭಾರಕ್ಕೆ ಬಾಗುತ್ತಿದೆ ಎಂದರ್ಥ.

ಬಯಲಿನಲ್ಲಿ ಗಾಳಿ ಇದ್ದರೆ ನಡುಗಂಬದ ಕೆಳಗಿನ ಕೊಕ್ಕೆಗೆ ಬ್ಯಾಗ್ ನೇತುಹಾಕಿ. ಬ್ಯಾಗ್ ತೂಗಾಡಿದರೆ ಅಲುಗಾಟ ಹೆಚ್ಚುತ್ತದೆ, ತಳ ನೆಲಕ್ಕೆ ಸವರುವಂತಿರಲಿ. ಲೆನ್ಸ್‌ನ ಸ್ಟೆಬಿಲೈಸೇಶನ್, ಅಂದರೆ ಕೈನಡುಕ ತಡೆಯುವ ಸೌಲಭ್ಯ, ಆಫ್ ಮಾಡಿ. ಎರಡು ಸೆಕೆಂಡಿನ ಟೈಮರ್ ಹಾಕಿ, ಗುಂಡಿ ಒತ್ತಿ ಕೈ ತೆಗೆಯಿರಿ.

ಎಲ್ಲ ಕಡೆ ಟ್ರೈಪಾಡ್ ಹೂಡಬಹುದೇ? ಇಲ್ಲ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ ಕೈಯಲ್ಲಿ ಹಿಡಿದು ಫೋಟೊ ತೆಗೆಯಲು ಬಿಟ್ಟರೂ ಟ್ರೈಪಾಡ್‌ಗೆ ಮುಂಗಡ ಅನುಮತಿ ಕೇಳುತ್ತಾರೆ. ಕಲಬುರಗಿ ಕೋಟೆ ಅವರದೇ. ಸನ್ನತಿ ಬಳಿಯ ಕನಗನಹಳ್ಳಿಯ ಬೌದ್ಧ ಸ್ತೂಪ, ಅಶೋಕನ ಹೆಸರು ಕೆತ್ತಿದ ಶಿಲ್ಪ ಸಿಕ್ಕ ಜಾಗ, ಅದೂ ಅವರದೇ. ಚಿಂಚೋಳಿ ವನ್ಯಜೀವಿಧಾಮದಲ್ಲಿ ಅರಣ್ಯ ಇಲಾಖೆಯವರನ್ನು, ವಾಡಿ ಜಂಕ್ಷನ್ ಪ್ಲಾಟ್‌ಫಾರ್ಮಿನಲ್ಲಿ ರೈಲ್ವೆಯವರನ್ನು, ಗುಡಿ, ದರ್ಗಾಗಳಲ್ಲಿ ಅಲ್ಲಿನ ಹಿರಿಯರನ್ನು ಮೊದಲು ಕೇಳಿಕೊಳ್ಳಿ. ವಿಮಾನ ಹತ್ತುವಾಗ ಟ್ರೈಪಾಡ್ ಅನ್ನು ಚೆಕ್‌ಇನ್ ಬ್ಯಾಗಿಗೆ ಹಾಕುವುದೇ ಕ್ಷೇಮ, ಕೈಬ್ಯಾಗಿನಲ್ಲಿ ಬಿಡುವುದು ಬಿಡದಿರುವುದು ಭದ್ರತಾ ಸಿಬ್ಬಂದಿಯ ಮರ್ಜಿ.

ಇನ್ನು ದುಡ್ಡು. ಡಿಜಿಟೆಕ್‌ನಂಥ ಬ್ರ್ಯಾಂಡ್‌ಗಳ ಅಲ್ಯೂಮಿನಿಯಂ ಟ್ರೈಪಾಡ್ ಸುಮಾರು 1,500ರಿಂದ 4,000 ರೂಪಾಯಿಗೆ ಬರುತ್ತದೆ. ಈ ಮಟ್ಟದಲ್ಲಿ ಪ್ಲಾಸ್ಟಿಕ್ ಹೆಡ್ ಇರುವುದನ್ನು ಮುಟ್ಟಬೇಡಿ, ಮೊಬೈಲ್‌ಗಾದರೆ ಸರಿ. ಬೆನ್ರೊ, ಸಿರುಯಿ, ಮ್ಯಾನ್‌ಫ್ರೊಟ್ಟೊಗಳ ಒಳ್ಳೆಯ ಅಲ್ಯೂಮಿನಿಯಂ ಟ್ರಾವೆಲ್ ಮಾದರಿಗೆ ಹತ್ತು ಹದಿನೈದು ಸಾವಿರ, ಕಾರ್ಬನ್‌ಗೆ ಇಪ್ಪತ್ತು ಸಾವಿರ ಮತ್ತು ಮೇಲೆ. ಬೆಲೆ ಏರಿಳಿಯುತ್ತಿರುತ್ತದೆ, ಹಬ್ಬದ ರಿಯಾಯಿತಿಗೆ ಕಾಯುವುದು ಲಾಭ.

ಸೇಡಂ, ಚಿತ್ತಾಪುರದ ಫೋಟೊ ಸ್ಟುಡಿಯೊಗಳಲ್ಲಿ ಮಾರಾಟಕ್ಕೆ ಸಿಗುವುದು ಕಷ್ಟ, ಆದರೆ ಮದುವೆ ಫೋಟೊ ತೆಗೆಯುವವರ ಟ್ರೈಪಾಡ್ ಮುಟ್ಟಿ ನೋಡಲು ಅದೇ ಒಳ್ಳೆಯ ಜಾಗ. ಕಲಬುರಗಿಯಲ್ಲಿ ಒಂದಷ್ಟು ಮಾದರಿ ನೋಡಬಹುದು. ಹತ್ತಾರು ಮಾದರಿ ಹೋಲಿಸಬೇಕೆಂದರೆ ಹೈದರಾಬಾದ್. ಮಳಖೇಡ ರೋಡ್, ಸೇಡಂ, ತಾಂಡೂರು ಎಲ್ಲ ಅಲ್ಲಿಗೆ ಹೋಗುವ ಒಂದೇ ರೈಲು ಮಾರ್ಗದಲ್ಲಿವೆ, ಬೆಳಿಗ್ಗೆ ಹೋಗಿ ರಾತ್ರಿ ಬರಬಹುದು. ಆನ್‌ಲೈನ್‌ನಲ್ಲಿ ತರಿಸಿದರೆ ಡಬ್ಬಿಯನ್ನು ಹಾಗೇ ಅಟ್ಟಕ್ಕೆ ಏರಿಸಬೇಡಿ. ಹಿಂದಿರುಗಿಸುವ ಗಡುವಿನೊಳಗೆ ಬೆರಳು ತಟ್ಟುವ ಪರೀಕ್ಷೆಯನ್ನು ಮನೆಯಲ್ಲೇ ಮಾಡಿ, ಅಲೆನ್ ಕೀಲಿ ಇದೆಯೇ ನೋಡಿ, ಬಿಲ್ಲು ಎತ್ತಿಡಿ.